ಕಪ್ಪು ಚೌಕದೊಳಗಿನ ಪ್ರಾಣಿ

ದಿಲ್ಸಿಯಾಳ ಪಾರ್ಲರಿಗೆ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ಬರುತ್ತಿದ್ದದ್ದು ರೇಸಿನ ಆಸೆಗೆ. ಕೂದಲು ಬರೀ ನೆಪ. ಸಾನ್ ಪೆದ್ರೊ ಊರಿನಲ್ಲಿ ಪಾರ್ಲರುಗಳಿಗೇನೂ ಬರವಿಲ್ಲ, ಬೀದಿ ಬೀದಿಗೂ ಇವೆ. ಆದರೆ ತಲೆತುಂಬ ರೋಲರ್ ಸುತ್ತಿಸಿಕೊಂಡು, ಕೈಯಲ್ಲಿ ಟೀವಿ ಗೇಮಿನ ಕಂಟ್ರೋಲ್ ಹಿಡಿದು, ಪಕ್ಕದ ಕುರ್ಚಿಯವಳ ಹಂದಿಯನ್ನು ಕೆಸರಿಗೆ ತಳ್ಳಿ ಕೇಕೆ ಹಾಕುವ ಭಾಗ್ಯ ಬೇರೆಲ್ಲೂ ಇರಲಿಲ್ಲ.

ಆ ಗೇಮಿನ ಬೂದು ಪೆಟ್ಟಿಗೆಯನ್ನು ದಿಲ್ಸಿಯಾಳ ಅಣ್ಣ ಪೋರ್ಟೊ ರಿಕೊದಿಂದ ತಂದಿದ್ದ, ಅವಳ ಮಕ್ಕಳು ಚಿಕ್ಕವರಿದ್ದಾಗ. ಮಕ್ಕಳು ದೊಡ್ಡವರಾಗಿ ಬೇಸ್‌ಬಾಲು, ಹುಡುಗಿಯರು ಎಂದು ಬೀದಿ ಹಿಡಿದ ಮೇಲೆ ಪೆಟ್ಟಿಗೆ ಪಾರ್ಲರಿನ ಟೀವಿ ಪಕ್ಕಕ್ಕೆ ಬಂದು ಕೂತಿತು. ಕೂತಿತು ಎನ್ನುವುದು ತಪ್ಪು, ಅದು ಮಲಗಿತ್ತು, ಅದೂ ತಲೆಕೆಳಗಾಗಿ. ಒಳಗೆ ಡಿಸ್ಕು ಓದುವ ಕಣ್ಣು ಮಂಜಾಗಿತ್ತು. ಪೆಟ್ಟಿಗೆಯನ್ನು ಬೋರಲು ಹಾಕಿ, ಒಂದು ಮೂಲೆಗೆ ಬಾಚಣಿಗೆಯನ್ನು ಒತ್ತು ಕೊಟ್ಟರೆ ಮಾತ್ರ ಅದಕ್ಕೆ ಕಣ್ಣು ಕಾಣಿಸುತ್ತಿತ್ತು. ಇದ್ದದ್ದು ಒಂದೇ ಡಿಸ್ಕು. ಅದರ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಸಂತೆಯಲ್ಲಿ ಮಾರಿದವನು ಮೇಲೆ ಪೆನ್ನಿನಲ್ಲಿ 'ಪ್ರಾಣಿ ರೇಸು' ಎಂದು ಗೀಚಿಕೊಟ್ಟಿದ್ದ. ಎಂಟು ಪ್ರಾಣಿಗಳು, ಎಂಟು ಪುಟಾಣಿ ಕಾರುಗಳು. ದಿಲ್ಸಿಯಾ ಯಾವಾಗಲೂ ಕೆಂಪು ಬೂಟು ಹಾಕಿದ ಕೋಳಿ. ಅವಳ ಕೊಮಾದ್ರೆ ಬೆಲ್ಕಿಸ್ ನೀರಾನೆ, ಯಾಕೆಂದರೆ ನೀರಾನೆ ಯಾರಿಗೆ ಗುದ್ದಿದರೂ ಗುದ್ದಿಸಿಕೊಂಡವರೇ ಹಾರಿಹೋಗುತ್ತಿದ್ದರು.

ಬೆಲ್ಕಿಸ್ ಪಕ್ಕದ ಮನೆಯವಳು. ಬಾಗಿಲಲ್ಲೇ ಬಾಣಲೆ ಇಟ್ಟು ಯಾನಿಕೇಕೆ ಎಂಬ ಹಿಟ್ಟಿನ ರೊಟ್ಟಿ ಕರಿದು ಮಾರುವವಳು, ದಪ್ಪ ತೋಳು, ಬಾಯಲ್ಲಿ ಒಂದು ಚಿನ್ನದ ಹಲ್ಲು, ನಾಲಿಗೆಯ ಉದ್ದ ಕೇಳಲೇಬೇಡಿ. ಅವಳ ಮಗಳು ಅರೆಲಿಸ್‌ಗೆ ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿ ಹಿಡಿದು ಧರ್ಮತಾಯಿಯಾದವಳು ದಿಲ್ಸಿಯಾ. ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ಹೆತ್ತವಳಿಗೂ ಧರ್ಮತಾಯಿಗೂ ನಡುವಿನ ಆ ನಂಟಿನ ಹೆಸರೇ ಕೊಮಾದ್ರೆ, ಜಗಳದಲ್ಲೂ ಅದೇ.

ಇನ್ನು ಆ ಕಪ್ಪು ಚೌಕದ ವಿಷಯ. ಪ್ರಾಣಿಯನ್ನು ಆರಿಸಿಕೊಳ್ಳುವ ಪರದೆಯಲ್ಲಿ ಎಂಟು ಚೌಕ ಆದ ಮೇಲೆ ಒಂಬತ್ತನೆಯದು ಒಂದಿತ್ತು, ಪೂರಾ ಕಪ್ಪು, ನಡುವೆ ಪ್ರಶ್ನೆಯ ಗುರುತು. ನಾಲ್ಕೂ ಕಪ್ ಗೆದ್ದು, ಕೊನೆಯ ಜ್ವಾಲಾಮುಖಿ ರೇಸನ್ನೂ ಗೆದ್ದರೆ ಅದು ತೆರೆದುಕೊಳ್ಳುತ್ತದೆ. ಒಳಗಿರುವುದು ಮೊಸಳೆಯೇ ಎಂದು ಬೆಲ್ಕಿಸ್, ಕಡಲಹಸು ಎಂದು ದಿಲ್ಸಿಯಾ. ಬೀದಿಯ ಹಿರಿಯಜ್ಜಿ ದೋನ್ಯಾ ತತಿಕಾ ಮಾತ್ರ ಅದು ಹೋತ, ಬೇರೆ ಯಾವ ಪ್ರಾಣಿಯೂ ಅಷ್ಟು ಹೊತ್ತು ಕತ್ತಲಲ್ಲಿ ಅಡಗಿ ಕೂರಲಾರದು ಎಂದು ಪಟ್ಟು ಹಿಡಿದಿದ್ದಳು. ಈ ವಾದದಲ್ಲಿ ಮುಳುಗಿ, ಬಣ್ಣ ಹಾಕಿಸಿಕೊಳ್ಳಲು ಬಂದ ಗಿರಾಕಿಗಳು ಹೊತ್ತು ಮೀರಿ ಕೂತು ತಲೆ ಕಿತ್ತಳೆಯಾದದ್ದೂ ಉಂಟು.

ಆದರೆ ಯಾರೂ ಅದನ್ನು ನೋಡಿರಲಿಲ್ಲ. ಗೆಲುವನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಕಾರ್ಡು ಹಾಕುವ ಕಂಡಿಗೆ ಎಂದೋ ಯಾರದೋ ಹೇರ್‌ಪಿನ್ನು ಬಿದ್ದು ಒಳಗೇ ಕಚ್ಚಿಕೊಂಡಿತ್ತು. ಹಾಗಾಗಿ ಪೆಟ್ಟಿಗೆ ಆರಿತೆಂದರೆ ಗೆದ್ದದ್ದೆಲ್ಲ ನೀರಲ್ಲಿ ಹೋಮ. ಎಲ್ಲವನ್ನೂ ಒಂದೇ ಬೈಠಕ್ಕಿನಲ್ಲಿ ಗೆಲ್ಲಬೇಕು, ಅದಕ್ಕೆ ಬೆಳಗಿನಿಂದ ಮಧ್ಯಾಹ್ನ ಬೇಕು. ಆ ಬಡಾವಣೆಯಲ್ಲಿ ಕರೆಂಟು ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತ ದಿನವನ್ನು ಯಾರಾದರೂ ಕಂಡಿದ್ದೇನೆ ಎಂದರೆ ಅವರು ಸುಳ್ಳು ಹೇಳುತ್ತಿದ್ದಾರೆ.

ಹೀಗಿರುವಾಗ ಒಂದು ದಿನ ಬೆಲ್ಕಿಸ್ ಬಾಣಲೆ ಇಳಿಸಿ ಬಂದು, ಸೆರಗಿಲ್ಲದ ಅಂಗಿಯ ತುದಿಯಲ್ಲೇ ಕೈ ಒರೆಸಿಕೊಳ್ಳುತ್ತ ನಿಂತಳು.

"ಕೊಮಾದ್ರೆ, ಅರೆಲಿಸ್ ಇಗ್ವೇ ಊರಲ್ಲಿ ಬಸ್ ಸ್ಟ್ಯಾಂಡ್ ಹತ್ರ ಊಟದ ಅಂಗಡಿ ಹಾಕಿದಾಳಲ್ಲ, ಒಬ್ಬಳ ಕೈಲಿ ಆಗ್ತಿಲ್ವಂತೆ. ನಾನು, ಯಜಮಾನ್ರು ಇಬ್ರೂ ಅಲ್ಲೇ ಇರಕ್ಕೆ ಹೊರಟ್ವಿ. ಭಾನುವಾರ."

ದಿಲ್ಸಿಯಾ ಕೈಯಲ್ಲಿದ್ದ ರೋಲರನ್ನು ಪೂರ್ತಿ ಸುತ್ತಿ, ಪಿನ್ನು ಚುಚ್ಚಿ, ಆಮೇಲೆ ಎದುರಿನ ಕನ್ನಡಿಯಲ್ಲೇ ಅವಳ ಮುಖ ನೋಡಿದಳು. ಅದು ಅವಳ ಅಭ್ಯಾಸ. ಇಡೀ ಊರನ್ನು ಕನ್ನಡಿಯಲ್ಲಿ ನೋಡಿ ಮಾತಾಡಿಯೇ ಅವಳಿಗೆ ರೂಢಿ.

"ಒಳ್ಳೇದಾಯ್ತು," ಅಂದಳು. "ನಾನು ಬಂದು ಹೋಗ್ತಾ ಇರ್ತೀನಿ."

"ನೀನಾ? ಬರ್ತೀಯಾ?" ಬೆಲ್ಕಿಸ್ ಮೂಗು ಮುರಿದಳು. "ನಿನ್ ತಂಗಿ ಬಾನಿ ಊರಿಗೆ ಹೋದಾಗ್ಲೂ ಹೀಗೇ ಅಂದಿದ್ದೆ. ನಿನ್ ಓರಗಿತ್ತಿ ರಾಜಧಾನಿಗೆ ಹೋದಾಗ್ಲೂ ಅಂದಿದ್ದೆ. ಹೋಗಿದ್ದೀಯಾ?"

"ಬಸ್ ಹತ್ತಿದ್ರೆ ನಂಗೆ ಹೊಟ್ಟೆ ತೊಳಸತ್ತೆ ಅಂತ ನಿಂಗೊತ್ತಿಲ್ವಾ?"

"ಗೊತ್ತು. ಅದ್ಕೇ ಹೇಳ್ದೆ."

ದಿಲ್ಸಿಯಾ ಸುಳ್ಳುಗಾತಿಯಲ್ಲ. ಬರ್ತೀನಿ ಎನ್ನುವಾಗ ಅವಳು ಮನಸಾರೆ ಅನ್ನುತ್ತಿದ್ದಳು. ಆದರೆ ಪಾರ್ಲರಿಗೆ ರಜೆ ಇರುವುದು ಸೋಮವಾರ ಒಂದೇ. ಸೋಮವಾರ ಬಂದರೆ ಒಗೆಯಲು ಟವೆಲುಗಳ ಗುಡ್ಡೆ, ವಾರವಿಡೀ ನಿಂತು ಊದಿದ ಕಾಲು, ಮತ್ತೆ ಆ ಬಸ್ಸಿನ ಡೀಸೆಲ್ ವಾಸನೆಯ ನೆನಪು. ಹೀಗೆ ಅವಳು ಬರ್ತೀನಿ ಎಂದು ಕಳಿಸಿಕೊಟ್ಟವರೆಲ್ಲ ನಿಧಾನಕ್ಕೆ ಹೊಸ ವರ್ಷದ ದಿನದ ಒಂದು ಫೋನ್ ಕರೆಯಾಗಿ ಉಳಿದಿದ್ದರು. ತಂಗಿ ಒಂದು ಫೋನು, ಓರಗಿತ್ತಿ ಒಂದು ಫೋನು. ಈಗ ಬೆಲ್ಕಿಸಳೂ ಒಂದು ಫೋನಾಗುತ್ತಾಳೆ ಎನ್ನುವುದು ದಿಲ್ಸಿಯಾಳಿಗೆ ಅಲ್ಲಿ ನಿಂತಲ್ಲೇ ತಿಳಿಯಿತು. ಬಾಣಲೆಯ ಎಣ್ಣೆ ವಾಸನೆ ಇಲ್ಲದ ಬೆಳಗನ್ನು ಅವಳಿಗೆ ಊಹಿಸಲೂ ಆಗಲಿಲ್ಲ.

"ಹೋಗೋ ಮುಂಚೆ ಆ ಮೊಸಳೆನ ನೋಡ್ಲೇಬೇಕು ಕಣೇ," ಅಂದಳು ಬೆಲ್ಕಿಸ್. "ಶನಿವಾರ. ನಮ್ಮ ಯಜಮಾನ್ರು ಒಂದು ದಾರಿ ಹೇಳಿದಾರೆ."

ದಾರಿ ಸರಳವಾಗಿಯೇ ಇತ್ತು. ಪಾರ್ಲರಿನ ಇನ್ವರ್ಟರ್ ಹಳೆಯ ಕಾಲದ್ದು, ತಾನಾಗಿ ಏನೂ ಮಾಡದು. ಕನ್ನಡಿಯ ಪಕ್ಕದ ಗೋಡೆಯಲ್ಲಿ ಟೀವಿ, ಫ್ಯಾನುಗಳಿಗೆಂದು ಒಂದು ಹಿಡಿಕೆ ಇತ್ತು, ಡ್ರೈಯರುಗಳು ಮಾತ್ರ ನೇರ ಬೀದಿಯ ತಂತಿಗೇ. ಮೇಲೆತ್ತಿದರೆ ಬೀದಿಯ ಕರೆಂಟು, ಕೆಳಗೆಳೆದರೆ ಬ್ಯಾಟರಿ. ಮೇಲಿನಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ ಹೋಗುವ ಆ ಒಂದು ಕ್ಷಣ ಎಲ್ಲವೂ ಆರುತ್ತದೆ. ಫ್ಯಾನಿಗೆ ಅದು ಗೊತ್ತೂ ಆಗುವುದಿಲ್ಲ, ಬೂದು ಪೆಟ್ಟಿಗೆಗೆ ಮಾತ್ರ ಅಷ್ಟರಲ್ಲಿ ಹುಟ್ಟಿದ ದಿನದಿಂದ ಕಲಿತದ್ದೆಲ್ಲ ಮರೆತುಹೋಗುತ್ತದೆ. ಹಾಗಾದರೆ ಶನಿವಾರ ಬೆಳಿಗ್ಗೆ ಆಟ ಶುರುಮಾಡುವ ಮೊದಲೇ ಹಿಡಿಕೆ ಕೆಳಗೆಳೆದುಬಿಡುವುದು. ಟೀವಿ, ಪೆಟ್ಟಿಗೆ ಎರಡೂ ಮೊದಲಿಂದ ಕೊನೆವರೆಗೆ ಬ್ಯಾಟರಿಯಲ್ಲೇ ಓಡಲಿ. ಬೀದಿಯ ಕರೆಂಟು ಬಂದರೆ ಬರಲಿ, ಹೋದರೆ ಹೋಗಲಿ.

ಶನಿವಾರ ಬೆಳಿಗ್ಗೆ ಬೆಲ್ಕಿಸ್ ಬಂದವಳೇ ಹಿಡಿಕೆಯನ್ನು ಕೆಳಗೆಳೆದು, ಅದಕ್ಕೊಂದು ಕೆಂಪು ರಿಬ್ಬನ್ನು ಕಟ್ಟಿದಳು.

"ಇದೇನೇ ಶೃಂಗಾರ?" ದಿಲ್ಸಿಯಾ ಕೇಳಿದಳು.

"ನಿನ್ ಕೈಗೆ ಗ್ಯಾಪಕ ಇರ್ಲಿ ಅಂತ. ಕರೆಂಟು ಬಂತು ಅಂತ ಎತ್ತಿಗಿತ್ತೀಯಾ."

"ನಾನೇನು ಪೆದ್ದೀನಾ?"

"ನೀನಲ್ಲ ಕೊಮಾದ್ರೆ, ನಿನ್ ಕೈ."

ಅವಳ ಮಾತಲ್ಲಿ ಹುರುಳಿತ್ತು. ಅಲ್ಲಿ ಕರೆಂಟು ಬಂದಾಗ ಜನ ಏನು ಮಾಡುತ್ತಾರೆ ಎಂದರೆ, ಏನೂ ಯೋಚಿಸುವುದಿಲ್ಲ. ಪಾರ್ಲರಿನ ನಡುವೆ ಬೀದಿಯ ತಂತಿಗೇ ನೇರ ಕಟ್ಟಿದ ಒಂದು ಬಲ್ಬು ತೂಗುತ್ತಿತ್ತು. ಅದು ಬೆಳಕಿಗಲ್ಲ, ಕರೆಂಟು ಬಂದದ್ದು ತಿಳಿಯಲಿ ಎಂದು ಮಾತ್ರ. ಅದು ಹೊತ್ತಿಕೊಂಡರೆ ಬೀದಿಗೆ ಬೀದಿಯೇ "ಬಂತು!" ಎಂದು ಕೂಗುತ್ತದೆ, ಎಲ್ಲರ ಮುಖ ಬಲ್ಬಿನ ಕಡೆ ತಿರುಗುತ್ತದೆ, ಬ್ಯಾಟರಿ ಉಳಿಸಲೆಂದು ದಿಲ್ಸಿಯಾಳ ಕೈ ಹಿಡಿಕೆಗೆ ಹೋಗುತ್ತದೆ. ಇಷ್ಟು ವರ್ಷಗಳಲ್ಲಿ ಆ ಕೈ ಅವಳ ಅಪ್ಪಣೆಗೆ ಕಾದದ್ದೇ ಇಲ್ಲ.

ಮೊದಲ ಕಪ್ಪನ್ನು ಇಬ್ಬರೂ ಸೇರಿ ಹಲ್ಲುಜ್ಜಿದಷ್ಟು ಸಲೀಸಾಗಿ ಗೆದ್ದರು. ಜೊತೆಯಾಟದಲ್ಲಿ ಕೋಳಿಯಾಗಲಿ ನೀರಾನೆಯಾಗಲಿ ಯಾರಾದರೊಬ್ಬರು ಮೊದಲು ಮುಟ್ಟಿದರೆ ಸಾಕು. ಎರಡನೆಯ ಕಪ್ಪಿನ ಹೊತ್ತಿಗೆ ಗಿರಾಕಿಗಳು ತುಂಬಿದರು. ಶನಿವಾರವಲ್ಲವೇ. ದಿಲ್ಸಿಯಾಳ ಕೈ ಯಾರದೋ ತಲೆಯಲ್ಲಿದ್ದಾಗ ಅವಳ ಕೋಳಿಯನ್ನು ಓಡಿಸಲು ಸಾಲು ನಿಂತಿತು. ಹಿಮದ ದಾರಿಯ ರೇಸಿನಲ್ಲಿ ಎಲ್ಲರೂ ಜಾರಿ ಹಳ್ಳಕ್ಕೆ ಬಿದ್ದರು. ಹಿಮವನ್ನು ಕಂಡೇ ಇರದ ಜನ, ಅದರ ಮೇಲೆ ಬ್ರೇಕು ಒತ್ತಬಾರದು ಎಂದು ಅವರಿಗೆ ಯಾರು ಹೇಳಬೇಕು? ಬೆಲ್ಕಿಸ್ ಒಬ್ಬಳೇ ಬ್ರೇಕಿನ ತಂಟೆಗೇ ಹೋಗದೆ, ಎದುರಿಗೆ ಸಿಕ್ಕ ನರಿ, ಮೊಲ, ಹಂದಿ ಎಲ್ಲಕ್ಕೂ ಗುದ್ದುತ್ತ ಮೊದಲು ಮುಟ್ಟಿದಳು.

"ಇದು ರೇಸಾ, ಬೀದಿ ಜಗಳಾನಾ?" ಅಂದಳು ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತಿದ್ದ ಒಬ್ಬಳು.

"ಎರಡರಲ್ಲೂ ಮುಂದೆ ಹೋದವ್ರೇ ಗೆದ್ದೋರು," ಅಂದಳು ಬೆಲ್ಕಿಸ್, ಕಣ್ಣು ಪರದೆಯಿಂದ ಕೀಳದೆ.

ಅಷ್ಟರಲ್ಲಿ ದೋನ್ಯಾ ತತಿಕಾ ಮೊಮ್ಮಗಳು ರೊಸಾನ್ನಿಯನ್ನು ಕರೆದುಕೊಂಡು ಬಂದಳು. ಹುಡುಗಿಗೆ ಹದಿನೈದು ತುಂಬಿತ್ತು, ಸಂಜೆಗೆ ಅದರ ಹಬ್ಬ. ಮೊದಲು ಚರ್ಚು, ಆಮೇಲೆ ಗುಲಾಬಿ ಬಣ್ಣದ ಗೌನು, ವಾಲ್ಟ್ಸು, ಮೂರಂತಸ್ತಿನ ಕೇಕು. ಹದಿನೈದರ ಹಬ್ಬಕ್ಕೆ ತಲೆ ಮಾಡಿಸುವುದೆಂದರೆ ಆಟವಲ್ಲ. ದಿಲ್ಸಿಯಾ ಕಂಟ್ರೋಲ್ ಬದಿಗಿಟ್ಟು, ಹುಡುಗಿಯ ದಟ್ಟ ಗುಂಗುರು ಕೂದಲನ್ನು ತೊಳೆದು, ಒಂದೊಂದೇ ಎಳೆ ಬಿಡಿಸಿ ದೊಡ್ಡ ರೋಲರುಗಳಿಗೆ ಸುತ್ತಿ, ಟೋಪಿಯಂಥ ಡ್ರೈಯರಿನ ಕೆಳಗೆ ಕೂರಿಸಿದಳು. ಡ್ರೈಯರು ಗುರ್ರೆಂದಿತು. ನಾಲ್ಕನೆಯ ಕಪ್ಪು ನಡೆಯುತ್ತಿತ್ತು, ಬೆಲ್ಕಿಸಳ ಹಣೆಯಲ್ಲಿ ಬೆವರು.

ಅದೇ ಹೊತ್ತಿಗೆ ಕರೆಂಟು ಹೋಯಿತು.

ಡ್ರೈಯರುಗಳೆಲ್ಲ ಒಮ್ಮೆಲೇ ನಿಂತವು. ಬಲ್ಬು ಆರಿತು. ಬೀದಿಯುದ್ದಕ್ಕೂ ರೇಡಿಯೋಗಳ ಬಾಯಿ ಕಟ್ಟಿತು, ಯಾರೋ ವಿದ್ಯುತ್ ಕಂಪನಿಯವರ ಏಳು ತಲೆಮಾರನ್ನೂ ನೆನೆದರು. ಟೀವಿಯೊಂದು ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ನೀರಾನೆ ಓಡುತ್ತಲೇ ಇತ್ತು. ಪಾರ್ಲರಿನಲ್ಲಿ ಹರ್ಷೋದ್ಗಾರ ಎದ್ದಿತು.

"ನೋಡಿದ್ರಾ! ನಮ್ ಯಜಮಾನ್ರ ತಲೆ!" ಬೆಲ್ಕಿಸ್ ಕೂಗಿದಳು.

"ಅವನ ತಲೆ ಹಾಗಿರ್ಲಿ," ದೋನ್ಯಾ ತತಿಕಾ ಎದ್ದು ನಿಂತಳು. "ನಮ್ ಹುಡುಗಿ ತಲೆ ಏನಾಗ್ಬೇಕು? ಒದ್ದೆ ಮುದ್ದೆಯಾಗಿದೆ!"

ಟೀವಿ, ಪೆಟ್ಟಿಗೆಯ ಪ್ಲಗ್ಗು ಕಿತ್ತು ಅದೇ ಜಾಗಕ್ಕೆ ಒಂದು ಡ್ರೈಯರ್ ಹಾಕಬಹುದಿತ್ತು. ಒಂದನ್ನು ಮೆಲ್ಲಗೆ ಓಡಿಸುವಷ್ಟು ಬಲ ಬ್ಯಾಟರಿಗಿತ್ತು. ಆಟ, ಡ್ರೈಯರ್ ಎರಡಕ್ಕೂ ಇರಲಿಲ್ಲ. ಇದು ದಿಲ್ಸಿಯಾಳಿಗೆ ಗೊತ್ತು, ತತಿಕಾಗೂ ಗೊತ್ತು, ಆ ಬೀದಿಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ದಿಲ್ಸಿಯಾಳ ಕುರ್ಚಿಯಿಂದ ಈವರೆಗೆ ಯಾರೂ ಒದ್ದೆ ತಲೆಯಲ್ಲಿ ಎದ್ದು ಹೋದದ್ದಿಲ್ಲ. ಅವಳಿಗೆ ಇದ್ದ ಹೆಮ್ಮೆ ಅದೊಂದೇ. ಬೆಲ್ಕಿಸಳ ಜೊತೆ ಕೂತು ಆಡುವ ದಿನ ಅವಳಿಗೆ ಉಳಿದದ್ದೂ ಅದೊಂದೇ.

ಅವಳು ಟೀವಿಯ ಹತ್ತಿರ ಹೋದಳು. ಬೆಲ್ಕಿಸ್ ಕಂಟ್ರೋಲನ್ನು ಮಡಿಲಿಗೆ ಇಳಿಸಿಕೊಂಡು, ಆಟವನ್ನು ನಿಲ್ಲಿಸಿ, ಮೆಲ್ಲಗೆ ಅಂದಳು, "ಕಿತ್ಹಾಕು ಕೊಮಾದ್ರೆ. ಮಗು ಹಬ್ಬ. ಮೊಸಳೆ ಎಲ್ಲಿಗೂ ಓಡ್ಹೋಗಲ್ಲ."

ಬೆಲ್ಕಿಸ್ ಮೆಲ್ಲಗೆ ಮಾತಾಡಿದ್ದು ದಿಲ್ಸಿಯಾಳಿಗೆ ಸಹಿಸಲಾಗಲಿಲ್ಲ. ಪ್ಲಗ್ಗಿನ ಮೇಲಿಟ್ಟ ಕೈ ಅಲ್ಲೇ ನಿಂತಿತು.

"ಯಾರೂ ಏನೂ ಕೀಳ್ಬೇಡಿ," ಅಂದಿತು ಡ್ರೈಯರಿನ ಟೋಪಿಯೊಳಗಿಂದ ಒಂದು ದನಿ. ರೊಸಾನ್ನಿ ತಲೆ ಹೊರಗೆಳೆದಳು. "ನಾನು ನಾಲ್ಕ್ ವರ್ಷದವಳಿದ್ದಾಗಿಂದ ಆ ಕಪ್ಪು ಚೌಕ ನೋಡ್ತಿದೀನಿ. ನಂಗೂ ನೋಡ್ಬೇಕು. ಹೊರಗೆ ಬಿಸ್ಲು ಸುಡ್ತಾ ಇದೆ, ಕೂದ್ಲು ಅಲ್ಲೇ ಒಣಗತ್ತೆ."

"ಬಿಸ್ಲಲ್ಲಿ ಕೂತು ಕರ್ರಗಾಗ್ತೀಯಲ್ಲೇ!" ಅಜ್ಜಿ ಬಾಯಿ ಬಡಿದುಕೊಂಡಳು.

"ಈಗೇನ್ ನಾನು ಬೆಳ್ಳಗಿದೀನಾ ಅಜ್ಜಿ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು, ಅಜ್ಜಿಗೂ ನಗು ತಡೆಯಲಾಗಲಿಲ್ಲ. ಅಲ್ಲಿಂದ ಮುಂದೆ ಎಲ್ಲವೂ ಮದುವೆ ಮನೆಯ ಗಡಿಬಿಡಿ. ಕುರ್ಚಿಗಳು ಬಾಗಿಲಾಚೆಯ ಬಿಸಿಲಿಗೆ ಹೋದವು. ಟೀವಿಯ ಗಾಲಿಮೇಜನ್ನು, ತಂತಿ ಎಳೆಯುವಷ್ಟು ದೂರ, ಬಾಗಿಲ ತನಕ ಮೆಲ್ಲಗೆ ಉರುಳಿಸಿ ಬೀದಿಯ ಕಡೆ ಮುಖ ಮಾಡಿದರು. ಬೂದು ಪೆಟ್ಟಿಗೆಯನ್ನು ಬಾಚಣಿಗೆ ಸಮೇತ ಒಬ್ಬಳು ಎರಡೂ ಕೈಯಲ್ಲಿ ಹಿಡಿದು ನಡೆದಳು, ದೇವರ ಮೂರ್ತಿ ಹೊತ್ತವಳ ಹಾಗೆ. ಬೆಲ್ಕಿಸ್ ಹೊಸ್ತಿಲ ಮೇಲೆ ಟೀವಿಗೆ ಎದುರಾಗಿ ಕೂತಳು, ಅವಳ ಬೆನ್ನಿಗೆ ರೋಲರ್ ತಲೆಗಳ ಸಾಲು, ನಡುವೆ ರೊಸಾನ್ನಿ. ತತಿಕಾ ಮೊಮ್ಮಗಳ ಮುಖಕ್ಕೆ ಮಾತ್ರ ನೆರಳಾಗುವಂತೆ ಛತ್ರಿ ಹಿಡಿದು ನಿಂತಳು. ಎದುರು ಅಂಗಡಿಯಲ್ಲಿ ಡಾಮಿನೋ ಆಡುತ್ತಿದ್ದ ಗಂಡಸರು ಕಲ್ಲುಗಳನ್ನು ಹಾಗೇ ಬಿಟ್ಟು ಬಂದರು. ಬಂದವರು ಸುಮ್ಮನಿರುತ್ತಾರೆಯೇ, ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಬುದ್ಧಿ ಹೇಳತೊಡಗಿದರು.

"ಬಾಯ್ ಮುಚ್ಚಿದ್ರೆ ನಿಲ್ಲಿ, ಇಲ್ದಿದ್ರೆ ಹೋಗಿ ನಿಮ್ ಕಲ್ಲು ಕುಟ್ಟಿ," ಎಂದು ಬೆಲ್ಕಿಸ್ ಗದರಿದಳು.

ನಾಲ್ಕನೆಯ ಕಪ್ಪೂ ಬಂತು. ಕೊನೆಯ ಕ್ಷಣದಲ್ಲಿ ದಿಲ್ಸಿಯಾಳ ಕೋಳಿ ಮುಂದಿದ್ದ ನರಿಗೆ ಜೇನುಗೂಡು ಎಸೆದು ಗೆಲ್ಲಿಸಿತು. ಇನ್ನುಳಿದದ್ದು ಜ್ವಾಲಾಮುಖಿಯ ರೇಸು. ಅದರಲ್ಲಿ ಜೊತೆಯಾಟವಿಲ್ಲ, ಒಬ್ಬರೇ ಓಡಿಸಬೇಕು.

"ನೀನೇ ಓಡ್ಸು," ಅಂದಳು ದಿಲ್ಸಿಯಾ.

"ನಿನ್ ಕೋಳಿ ಚುರುಕು."

"ಊರು ಬಿಡೋಳು ನೀನು. ನೀನೇ ಓಡ್ಸು ಅಂದ್ನಲ್ಲ."

ದಿಲ್ಸಿಯಾ ಎದ್ದು ಒಳಗೆ ಹೋದಳು. ನೋಡುವ ಧೈರ್ಯವೇ ಅವಳಿಗಿರಲಿಲ್ಲ. ಟೀವಿಯ ಹಿಂಬದಿಯಾಚೆ, ಪಾರ್ಲರಿನ ಕೊನೆಯಲ್ಲಿ ತನ್ನ ದೊಡ್ಡ ಕನ್ನಡಿಯ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ನಿಂತಳು. ಪರದೆ ಕಾಣುತ್ತಿರಲಿಲ್ಲ, ಕನ್ನಡಿಯಲ್ಲಿ ಹೊಸ್ತಿಲ ಮೇಲಿದ್ದವರ ಮುಖಗಳಷ್ಟೇ ಕಾಣುತ್ತಿದ್ದವು. ಸಾಕು. ಒಂದು ಮುಖ ನೋಡಿ ಗಂಡನ ಜೊತೆ ಜಗಳವಾಗಿದೆಯೋ ಮಗ ಪಾಸಾಗಿದ್ದಾನೋ ಹೇಳಬಲ್ಲವಳಿಗೆ ರೇಸು ಯಾವ ಲೆಕ್ಕ? ಬೆಲ್ಕಿಸಳ ಕೆಳದುಟಿ ಹಲ್ಲಿಗೆ ಸಿಕ್ಕಿದ್ದರೆ ಹಿಂದಿದ್ದಾಳೆ. ಹುಬ್ಬು ಏರಿತೆಂದರೆ ತಿರುವು. ಹಿಂದಿನ ಸಾಲಿನವರೆಲ್ಲ ಒಟ್ಟಿಗೆ ಎಡಕ್ಕೆ ವಾಲಿದರು, ಲಾವಾ ಇರಬೇಕು. ರೊಸಾನ್ನಿ ಕಣ್ಣು ಮುಚ್ಚಿಕೊಂಡಳು. ತತಿಕಾ ಛತ್ರಿಯನ್ನು ಮಡಚಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಬೆಲ್ಕಿಸಳ ಕೆಳದುಟಿ ಹಲ್ಲಿನಿಂದ ಬಿಡಿಸಿಕೊಂಡಿತು. ಮೆಲ್ಲಗೆ, ಮೆಲ್ಲಗೆ ಅವಳ ಮುಖ ಅರಳತೊಡಗಿತು.

"ಗೆದ್ಳು!" ಬೀದಿ ಕಿರುಚಿತು. "ಗೆದ್ಳು! ಚೌಕ ಬರ್ತಿದೆ! ತೆರೀತಿದೆ!"

ದಿಲ್ಸಿಯಾ ತಿರುಗಬೇಕೆನ್ನುವಷ್ಟರಲ್ಲಿ ಬಲ್ಬು ಹೊತ್ತಿಕೊಂಡಿತು.

"ಬಂತು! ಕರೆಂಟು ಬಂತು!" ಊರಿಗೆ ಊರೇ ಕೂಗಿತು. ಕನ್ನಡಿಯಲ್ಲಿದ್ದ ಮುಖಗಳೆಲ್ಲ ಒಟ್ಟಿಗೆ ಮೇಲೆದ್ದವು, ರೋಲರ್ ತಲೆಗಳು, ಡಾಮಿನೋ ಗಂಡಸರು, ಅಜ್ಜಿ, ಎಲ್ಲ. ಬೆಲ್ಕಿಸಳ ಬಾಯಿ ತೆರೆದು ಚಿನ್ನದ ಹಲ್ಲು ಬಲ್ಬಿನ ಬೆಳಕಿಗೆ ಫಳಕ್ಕೆಂದಿತು. ಆ ಸಡಗರದ ನಡುವೆ ದಿಲ್ಸಿಯಾಳ ಕೈ, ಯಾರನ್ನೂ ಕೇಳದೆ, ಕೆಂಪು ರಿಬ್ಬನ್ನು ಕಟ್ಟಿದ ಹಿಡಿಕೆಯನ್ನು ಹಿಡಿದು ಮೇಲೆತ್ತಿತು.

ಖಟ್.

ಟೀವಿ ಕಪ್ಪಾಯಿತು. ಮರುಕ್ಷಣ ಹೊತ್ತಿಕೊಂಡಿತು, ಬೂದು ಪೆಟ್ಟಿಗೆ ಮೊದಲ ಸಂಗೀತವನ್ನು ಲವಲವಿಕೆಯಿಂದ ಶುರುಮಾಡಿತು. ಎಂಟು ಪ್ರಾಣಿ, ಒಂದು ಕಪ್ಪು ಚೌಕ.

ದಿಲ್ಸಿಯಾ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಯಾರಾದ್ರೂ ನೋಡಿದ್ರಾ?" ರೊಸಾನ್ನಿ ಕೇಳಿದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಬಲ್ಬು ನೋಡುತ್ತಿದ್ದವರೇ. ದಿನ ಬೆಳಗಾದರೆ ಕಾಣುವ ಬಲ್ಬು!

"ಕೊಮಾದ್ರೆ," ದಿಲ್ಸಿಯಾ ಹೊಸ್ತಿಲಿಗೆ ಬಂದು ಆ ಕೈಯನ್ನು ಚಾಚಿದಳು, "ನನ್ ಕೈ ಕಡಿದು ಹಾಕು."

ಬೆಲ್ಕಿಸ್ ಕಂಟ್ರೋಲ್ ಕೆಳಗಿಟ್ಟು, ಎರಡು ಮಂಡಿಗೂ ಕೈ ಊರಿ ಎದ್ದಳು. ಮುಖದಲ್ಲಿ ಸಿಟ್ಟಿನ ಸುಳಿವೂ ಇಲ್ಲ.

"ಯಾಕೆ ಕಡೀಲಿ? ನಾನು ನೋಡ್ದೆ."

"ಏನು?"

"ನಾನು ನೋಡ್ದೆ ಅಂದೆ. ನೀವೆಲ್ಲ ಬಾಯ್ ಬಿಟ್ಕೊಂಡು ಬಲ್ಬು ನೋಡ್ತಿದ್ರಿ. ನಾನು ನೋಡ್ದೆ."

"ಹೋತ ತಾನೇ?" ತತಿಕಾ ಮುಂದೆ ನುಗ್ಗಿದಳು.

"ಹೇಳಲ್ಲ. ಯಾರಿಗೂ ಹೇಳಲ್ಲ. ಈ ಮಹರಾಯ್ತಿಗೊಬ್ಳಿಗೆ ಹೇಳ್ತೀನಿ, ಅದೂ ಇಲ್ಲಲ್ಲ. ಇಗ್ವೇಗೆ ಬಂದ್ರೆ." ಅವಳು ದಿಲ್ಸಿಯಾಳ ಗಲ್ಲ ಹಿಂಡಿದಳು. "ಬರ್ತೀಯೋ, ಇಲ್ವೋ?"

ಬೈದರು, ಬೇಡಿದರು, ಗಂಟಲು ಹರಿದುಕೊಂಡರು. ಬೆಲ್ಕಿಸ್ ಬಾಯಿಗೆ ಬೀಗ. ರೊಸಾನ್ನಿಯ ಕೂದಲು ಬಿಸಿಲಿಗೆ ಎಷ್ಟು ಚೆನ್ನಾಗಿ ಒಣಗಿತ್ತೆಂದರೆ ರೋಲರ್ ಬಿಚ್ಚಿದಾಗ ಬೆನ್ನ ಮೇಲೆ ರೇಷ್ಮೆಯ ಹಾಗೆ ಇಳಿಯಿತು, ತತಿಕಾ ಹೋತವನ್ನು ಮರೆತು ಕಣ್ಣೊರೆಸಿಕೊಂಡಳು. ಸಂಜೆಯ ಹಬ್ಬದಲ್ಲಿ ಕೊಮಾದ್ರೆಗಳಿಬ್ಬರೂ ಕೇಕು ತಿಂದರು, ಕುಣಿದರು. ಭಾನುವಾರ ಬೆಲ್ಕಿಸ್ ಬಾಣಲೆ ಸಮೇತ ಲಾರಿ ಹತ್ತಿ ಹೋದಳು.

ಮರುದಿನದ ಸೋಮವಾರ ಟವೆಲುಗಳ ಗುಡ್ಡೆ ಹಾಗೇ ಇತ್ತು. ಕಾಲೂ ಊದಿತ್ತು. ಗೋಡೆಯಾಚೆ ಎಣ್ಣೆ ಕಾಯುವ ಸದ್ದಿಲ್ಲ. ದಿಲ್ಸಿಯಾ ಗುಡ್ಡೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ನಿಂಬೆಹಣ್ಣು ಸೀಳಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಕಡಲಹಸುವೋ ಮೊಸಳೆಯೋ ತಿಳಿಯದೆ ಬದುಕುವುದು ಸಾಧ್ಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಬಸ್ಸು ಕಬ್ಬಿನ ಗದ್ದೆಗಳ ನಡುವೆ ಕುಲುಕುತ್ತ ಓಡಿತು. ನಿಂಬೆಯನ್ನು ಮೂಗಿಗೆ ಒತ್ತಿ, ಕಣ್ಣು ಮುಚ್ಚಿ, ಹೊಟ್ಟೆಯನ್ನು ಮರೆಯಲೆಂದು ಅವಳು ಆ ಶನಿವಾರವನ್ನೇ ಮತ್ತೆ ಮತ್ತೆ ನೆನೆಸಿಕೊಂಡಳು. ತುಟಿ, ಹುಬ್ಬು, ವಾಲಿದ ತಲೆಗಳು, ಅರಳಿದ ಮುಖ. ಬಲ್ಬು. ಫಳಕ್ಕೆಂದ ಚಿನ್ನದ ಹಲ್ಲು.

ಅವಳು ಕಣ್ಣು ಬಿಟ್ಟಳು.

ಆ ಹಲ್ಲು ಬೆಲ್ಕಿಸಳ ಮೇಲುಸಾಲಿನಲ್ಲಿ, ಹಿಂದಕ್ಕೆ ಇತ್ತು. ತಲೆ ಪೂರ್ತಿ ಮೇಲೆತ್ತಿ ಬಾಯಿ ತೆರೆದರೆ ಮಾತ್ರ ಕಾಣುವ ಹಲ್ಲು. ಬಲ್ಬಿನ ಬೆಳಕು ಅದರ ಮೇಲೆ ಬಿದ್ದಿತ್ತು. ಎಂದರೆ ಬೆಲ್ಕಿಸಳೂ ಎಲ್ಲರಂತೆ ಬಾಯಿ ಬಿಟ್ಟುಕೊಂಡು ಬಲ್ಬನ್ನೇ ನೋಡುತ್ತಿದ್ದಳು. ಅವಳು ಏನನ್ನೂ ನೋಡಿರಲಿಲ್ಲ.

"ಕಳ್ಳಿ!" ಅಂದಳು ದಿಲ್ಸಿಯಾ, ಗಟ್ಟಿಯಾಗಿಯೇ. ಪಕ್ಕದ ಸೀಟಿನವನು ತನ್ನ ಕೋಳಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅವಳಿಗೆ ನಗು ಬಂತು, ಬಂದ ನಗು ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು ಬರುವವರೆಗೆ ಬಂತು. ಹೊಟ್ಟೆ ತೊಳಸುವುದನ್ನು ಆಮೇಲೆ ಅವಳು ನಿಜವಾಗಿಯೂ ಮರೆತಳು.

ಇಗ್ವೇಯ ಊಟದ ಅಂಗಡಿಯಲ್ಲಿ ಬೆಲ್ಕಿಸ್ ಬಾಣಲೆಯ ಮುಂದೆ ನಿಂತಿದ್ದಳು. ದಿಲ್ಸಿಯಾಳನ್ನು ಕಂಡು ಜಾಲರಿ ಸೌಟು ಅಲ್ಲೇ ಬಿಟ್ಟಳು.

"ಬಂದ್ಬಿಟ್ಟೆಯಾ," ಅಂದಳು. "ನಿಜ್ವಾಗ್ಲೂ ಬಂದ್ಬಿಟ್ಟೆಯಾ."

"ಆಶೀರ್ವಾದ ಮದ್ರಿನಾ," ಎಂದು ಅರೆಲಿಸ್ ಓಡಿ ಬಂದು ತನ್ನ ಧರ್ಮತಾಯಿಯನ್ನು ತಬ್ಬಿಕೊಂಡಳು.

"ದೇವ್ರು ಒಳ್ಳೇದ್ ಮಾಡ್ಲಿ ಮಗಳೇ."

ಉಪ್ಪುಮೀನಿನ ಸಾರು, ಬೇಯಿಸಿದ ಹಿಟ್ಟಿನ ಉಂಡೆ, ಮೇಲೆ ಬಿಸಿ ಯಾನಿಕೇಕೆ. ದಿಲ್ಸಿಯಾ ಹೊಟ್ಟೆ ಬಿರಿಯುವಷ್ಟು ತಿಂದಳು. ಅರೆಲಿಸ್ ಕಾಫಿ ತಂದಿಟ್ಟು, "ಏನ್ ಪ್ರಾಣಿ ಅಂತ ಅಮ್ಮ ನಂಗೂ ಬಾಯ್ ಬಿಡ್ತಿಲ್ಲ ಮದ್ರಿನಾ. ಈಗ್ಲಾದ್ರೂ ಕೇಳಿ," ಅಂದಳು. ಬೆಲ್ಕಿಸ್ ಥಟ್ಟನೆ ಎದ್ದು, ಒಲೆ ಆರಿಸಿಟ್ಟ ಬಾಣಲೆಯ ಎಣ್ಣೆ ಕಾದಿದೆಯೇ ಎಂದು ನೋಡಲು ಹೋದಳು. ದಿಲ್ಸಿಯಾ ಕಾಫಿ ಹೀರುತ್ತ ಅವಳ ಬೆವರಿದ ಕುತ್ತಿಗೆಯನ್ನು ನೋಡಿ ಒಳಗೊಳಗೇ ಹಿಗ್ಗಿದಳು. ಕೇಳಲಿಲ್ಲ. ಬೇರೆ ಎಲ್ಲ ಮಾತಾಡಿದಳು. ತತಿಕಾಳ ಸೊಂಟ, ರೊಸಾನ್ನಿಯ ಕೇಕು, ಖಾಲಿಯಾದ ಪಕ್ಕದ ಮನೆಗೆ ಬರಲಿರುವ ಬಾಡಿಗೆಯವರು. ಮತ್ತೆ ಆಡೋಣ, ಮೊದಲಿಂದ ಗೆಲ್ಲೋಣ ಎಂದು ಎಲ್ಲರೂ ದುಂಬಾಲು ಬಿದ್ದರೂ ತಾನು ಪೆಟ್ಟಿಗೆಗೆ ಟವೆಲು ಹೊದಿಸಿ ಇಟ್ಟದ್ದನ್ನೂ ಹೇಳಿದಳು. "ನೀರಾನೆ ಇಲ್ದೆ ನನ್ ಕೋಳಿ ಆಡಲ್ಲ ಅಂದ್ಬಿಟ್ಟೆ."

ಸಂಜೆಯ ಬಸ್ಸಿಗೆ ಬೆಲ್ಕಿಸ್ ಬಿಡಲು ಬಂದಳು. ಬಸ್ಸಿನ ಮೆಟ್ಟಿಲ ಹತ್ತಿರ ದಿಲ್ಸಿಯಾಳ ತೋಳು ಹಿಡಿದಳು.

"ನೀನು ಕೇಳ್ಲೇ ಇಲ್ವಲ್ಲ."

"ಏನನ್ನ?"

"ಅದೇ... ಪ್ರಾಣಿ." ಅವಳು ನೆಲ ನೋಡಿದಳು. "ನೋಡು ಕೊಮಾದ್ರೆ, ನಿಜ ಹೇಳ್ಬೇಕು ಅಂದ್ರೆ ನಾನು ಅವತ್ತು..."

ದಿಲ್ಸಿಯಾ ಅವಳ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಈ ಸಲ ಕೈ ಅವಳು ಹೇಳಿದ್ದನ್ನೇ ಮಾಡಿತು.

"ಸುಮ್ನಿರೇ. ಇವತ್ತೇ ಹೇಳ್ಬಿಟ್ರೆ ಮುಂದಿನ್ ಸೋಮ್ವಾರ ನಾನ್ಯಾಕ್ ಬರ್ಲಿ?"

ಬೆಲ್ಕಿಸ್ ಅವಳನ್ನೇ ದಿಟ್ಟಿಸಿದಳು. ಕಣ್ಣು ತುಂಬಿ ಬಂತು, ಆದರೆ ಅದಕ್ಕಿಂತ ಮೊದಲು ನಗು ಬಂತು. ತಲೆ ಹಿಂದಕ್ಕೆಸೆದು ನಕ್ಕಳು, ಹಿಂದಿನ ಆ ಚಿನ್ನದ ಹಲ್ಲು ಕಾಣುವಷ್ಟು.

"ಹಂಗಾದ್ರೆ ನಿಂಬೆಹಣ್ಣು ಎರಡು ತಗೊಂಡ್ ಬಾ," ಅಂದಳು. "ಹೋಗಕ್ಕೊಂದು, ಬರಕ್ಕೊಂದು."

ಬಸ್ಸು ಹೊರಟಿತು. ದಿಲ್ಸಿಯಾ ಕಿಟಕಿಯ ಪಕ್ಕ ಕೂತು, ಕರವಸ್ತ್ರ ಬಿಚ್ಚಿ, ಬೆಳಗಿನ ನಿಂಬೆಹೋಳನ್ನೇ ಮತ್ತೆ ಮೂಗಿಗೆ ಹಿಡಿದಳು. ಟವೆಲುಗಳನ್ನು ಇನ್ನು ಮೇಲೆ ಭಾನುವಾರವೇ ಒಗೆದುಬಿಡಬೇಕು ಎಂದುಕೊಂಡಳು.